ಕೌದಿಯೊಳಗಿನ ಆಫ್ರಿಕಾ

ನನ್ನ ಗಂಡ ಷಣ್ಮುಖಪ್ಪನವರಿಗೆ ಹಳೇ ನಕಾಶೆಗಳ ಹುಚ್ಚು. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟುಕೊಂಡವರಿಗೆ ಏಷ್ಯಾ, ಯೂರೋಪು, ಅಮೆರಿಕಾ ಯಾಕೆ ಬೇಕಿತ್ತೋ ಆ ಶಿವನೇ ಬಲ್ಲ! ಜಗಳೂರಿನ ದೊಡ್ಡ ಮನೆಯೊಂದು ಅಟ್ಟ ಖಾಲಿ ಮಾಡಿದಾಗ, ಬಟ್ಟೆಗೆ ಅಂಟಿಸಿದ್ದ ಇನ್ನೂರು ವರ್ಷ ಹಿಂದಿನ ಅಚ್ಚಿನ ಆ ಮೂರು ಹಾಳೆ ಇವರಿಗೆ ಸಿಕ್ಕಿದ್ದವು. ನಾಲ್ಕನೆಯದು, ಆಫ್ರಿಕಾ, ಯಾರ ಪಾಲಾಯಿತೋ ಗೊತ್ತಿರಲಿಲ್ಲ. “ಅದೊಂದು ಸಿಕ್ಕಿದ್ರೆ ಸೆಟ್ ಪೂರ್ತಿ ಆಗ್ತೈತೆ ಮಂಗಳಾ” ಎಂದು ಉಣ್ಣುವಾಗಲೂ ಅದೇ ಕೊರಗು.

೧೯೭೮ರಲ್ಲಿ ನಾನು ಬಾಣಂತನಕ್ಕೆ ಸೊಕ್ಕೆಯ ತವರುಮನೆಯಲ್ಲಿದ್ದೆ. ಮಗಳನ್ನು ನೋಡಲು ಬಂದ ಪುಣ್ಯಾತ್ಮ ತೊಟ್ಟಿಲಿಗೆ ಬಗ್ಗಿದರು. ಮಗು ಕಾಲು ಝಾಡಿಸಿತು. ನಮ್ಮವ್ವ ಹೊಲಿದಿದ್ದ ಹೊಸ ಕೌದಿ ಗರಗರ ಎಂದಿತು.

“ಅತ್ತೇರೆ, ಇದರೊಳಗೆ ಏನು ಹಾಕೀರಿ?”

“ಹಳೇ ಬಟ್ಟೆರೀ ಅಳಿಯಂದ್ರೇ. ಜಗಳೂರಾಗೆ ಅಟ್ಟ ಖಾಲಿ ಮಾಡಿದ್ರಲ್ಲ, ಅವರು ಕೊಟ್ಟಿದ್ದು. ಮೇಲಿನ ಕಾಗದ ಕಿತ್ತರೂ ಬರ್ಲಿಲ್ಲ. ಬೆಚ್ಚಗಿರ್ತೈತೆ ಅಂತ ಹಂಗೇ ಒಳಗಿಟ್ಟು ಹೊಲಿದೆ. ಎಂಥದೋ ಆನೆ ಚಿತ್ರ ಇತ್ತು.”

“ಆನೆ! ಆಫ್ರಿಕಾ! ಕತ್ತರಿ ಕೊಡ್ರಿ!”

ಆ ಕೂಗಿಗೆ ಮಗು ಬೆಚ್ಚಿ ಅತ್ತಿತು. ಮಗಳ ಮುಖ ಇನ್ನೂ ನೆಟ್ಟಗೆ ನೋಡಿಲ್ಲ, ಆಗಲೇ ಕತ್ತರಿಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಅವ್ವ ಅಡ್ಡ ನಿಂತಳು. “ಕೂಸಿಗಂತ ಹೊಲಿದ ಕೌದಿ ಮ್ಯಾಲೇ ಕೂಸು ಮಲಗಬೇಕು. ಅದು ಎದ್ದು ನಡೆಯೋತನಕ ಬಿಚ್ಚಬಾರದು. ನಮ್ಮನಿ ಪದ್ಧತಿ.”

“ಅಷ್ಟರೊಳಗೆ ನೆಂದು ಗಂಜಿ ಆಗ್ತೈತಲ್ರೀ!”

“ಕೂಸು ಉಚ್ಚೆ ಹೊಯ್ಯದೆ ಇರ್ತೈತೇನ್ರೀ? ಬೇಕಾದ್ರೆ ನೀವೇ ನೋಡ್ಕಳ್ರಿ.”

ನೋಡಿಕೊಂಡರು ನೋಡಿ! ರಬ್ಬರ್ ಶೀಟು ತಂದರು. ಕೂಸಿಗೆ ಸೆಕೆ ಆಗುತ್ತದೆಂದು ಅವ್ವ ಅದನ್ನು ಕಿತ್ತೆಸೆದಳು. ನಾನು ಚನ್ನಗಿರಿಗೆ ಮರಳಿದ ಮೇಲಂತೂ ಕೇಳಬೇಕೇ! ಮಗು ಮುಖ ಕಿವುಚಿದರೆ ಸಾಕು, ಎತ್ತಿಕೊಂಡು ಅಂಗಳಕ್ಕೆ ಓಟ. ಆ ಕಾಲದ ಗಂಡಸರು ಲಂಗೋಟಿ ಮುಟ್ಟಿದ್ದುಂಟೇ? ಇವರು ಕಟ್ಟಿದರು, ಒಗೆದರು, ಜೋಗುಳವನ್ನೂ ಹಾಡಿದರು. ಮಂಡಿಯಲ್ಲಿ ಮಗು ಇವರ ತೊಡೆಯ ಮೇಲೆ. “ಏನ್ರೀ ಸಾವ್ಕಾರ್ರೇ, ಬಾಣಂತಿ ಅವರೋ ನೀವೋ?” ಎಂದು ಜನ ನಗುತ್ತಿದ್ದರು.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಈ ಅಕ್ಕರೆ ಮಗಳಿಗೋ, ಆ ಆನೆಗೋ? ಕೌದಿ ಬಿಚ್ಚಿದ ದಿನವೇ ನನ್ನ ಕೂಸು ಮೂಲೆಪಾಲಾದರೆ? ಅದೇ ಭಯ.

ಅವ್ವ ಚನ್ನಗಿರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಮಗಳು ಕಂಬ ಬಿಟ್ಟು ಹೆಜ್ಜೆ ಇಟ್ಟಳು. ಅಯ್ಯೋ ಶಿವನೇ, ನಡೆದೇಬಿಟ್ಟಳು! ಮನೆಯೆಲ್ಲ ಗದ್ದಲ. ನಾನೇ ಕತ್ತರಿ ತಂದು ಕೊಟ್ಟೆ.

ಹೊಲಿಗೆ ಬಿಚ್ಚಿದರೆ, ಸೂಜಿ ತೂತುಗಳ ನಡುವೆ ಇಡೀ ಆಫ್ರಿಕಾ! ಆನೆ, ಸಿಂಹ, ಕಡಲ ದಂಡೆಯ ಊರುಗಳು. ನಡುವೆ ಮಾತ್ರ ಬರೀ ಖಾಲಿ, ಅಚ್ಚು ಹಾಕಿದವರಿಗೆ ಅಲ್ಲೇನಿದೆಯೆಂದು ಆಗ ಗೊತ್ತಿರಲಿಲ್ಲವಂತೆ. ಆ ಖಾಲಿ ಜಾಗದಲ್ಲೇ ಅಂಗೈಯಗಲ ಹಳದಿ ಕಲೆ. ನಾನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ.

ಇವರು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಮಗಳನ್ನು ಹೆಗಲಿಗೆ ಏರಿಸಿಕೊಂಡು ಕುಣಿದೇಬಿಟ್ಟರು. “ನೋಡೇ ಮಂಗಳಾ! ಯಾರಿಗೂ ಗೊತ್ತಿಲ್ಲದ ಕೆರೆ! ನನ್ನ ಮಗಳು ಕಂಡುಹಿಡಿದಿದ್ದು!” ಪೆನ್ಸಿಲ್ ತೆಗೆದು ಅಲ್ಲೇ ಬರೆದರು: ಶಾಂಭವಿ ಕೆರೆ.

ಬರೆದವರು, ಇನ್ನೊಂದು ಹೆಜ್ಜೆ ಹಾಕಿಸುತ್ತೇನೆಂದು ಮಗಳನ್ನು ಅಂಗಳಕ್ಕೆ ಕರೆದೊಯ್ದರು. ಆಫ್ರಿಕಾ ನೆಲದ ಮೇಲೇ ಬಿದ್ದಿತ್ತು. ಅದನ್ನು ಮಡಿಚಿ ಎತ್ತಿಟ್ಟವಳು ನಾನು.