ಬಟ್ಟೆಯ ಸಾಲಿನಲ್ಲಿ ಸೊನ್ನೆ

ಆಸ್ಪತ್ರೆಯ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಹೊಲಸು ಕೆಲಸ ಯಾವುದೆಂದು ಕೇಳಿದ್ದರೆ ನಲವತ್ತು ಜನರೂ ಕೆಂಡನ ಕೋಣೆಯ ಕಡೆಗೇ ಕೈ ತೋರಿಸುತ್ತಿದ್ದರು. ಮೂಟೆ ಬಿಚ್ಚುವ ಕೋಣೆ ಅದು. ರಕ್ತ ಹೆಪ್ಪುಗಟ್ಟಿ ಹಪ್ಪಳದಂತೆ ಸೆಟೆದ ಚಾದರ, ಕೀವು ಹತ್ತಿದ ದಿಂಬಿನ ಚೀಲ, ಯಾವನೋ ಸಾಯುವ ಮುಂಚೆ ಕಾರಿದ ವಾಂತಿ, ಎಲ್ಲವೂ ಮೊದಲು ಬರುವುದು ಅವನ ಕೈಗೇ. ಒಗೆದರೆ ಹೋಗುವ ಕಲೆ ಒಂದು ಕಡೆ, ಹೋಗದ ಕಲೆ ಇನ್ನೊಂದು ಕಡೆ. ಹೋಗದ್ದರ ಮೂಲೆಗೆ ನೀಲಿ ಮುದ್ರೆ ಒತ್ತಬೇಕು: ‘ಸುಡಲು’. ಅದು ಬಾಯ್ಲರಿನ ಒಲೆಗೆ. ಅಂಥದ್ದನ್ನೆಲ್ಲ ಸುಟ್ಟಿದ್ದೇವೆ ಎಂದು ಸಾಹುಕಾರರು ತಿಂಗಳಿಗೊಮ್ಮೆ ಸಹಿ ಹಾಕಿ ಆಸ್ಪತ್ರೆಗೆ ಕಾಗದ ಕಳಿಸಬೇಕು.

ಕಾಗದ ತಪ್ಪದೆ ಹೋಗುತ್ತಿತ್ತು. ಬಟ್ಟೆ ಮಾತ್ರ ಒಲೆಯ ಮುಖ ನೋಡುತ್ತಿರಲಿಲ್ಲ.

ಬಾಯ್ಲರಿನ ಮುಂದೆ ನಿಲ್ಲುತ್ತಿದ್ದವನು ಕೆಂಡನ ಅಣ್ಣ. ಮಾತಿನ ಮನುಷ್ಯನಲ್ಲ. ಮುದ್ರೆ ಬಿದ್ದ ಬಟ್ಟೆಯನ್ನು ಮಡಿಸಿ ಬುತ್ತಿಚೀಲದೊಳಗೆ ಹಾಕಿಕೊಳ್ಳುವಾಗ ಗೋಡೆಯ ಕಡೆ ನೋಡುತ್ತಿದ್ದ, ಅಷ್ಟೇ. ಅವನೊಬ್ಬನೇ ಅಲ್ಲ, ನಲವತ್ತು ಜನರ ಮನೆಯಲ್ಲೂ ಅದೇ ಬಟ್ಟೆ. ಮೂರು ಸಲ ಕುದಿಸಿ, ಬಿಸಿಲಿಗೆ ಒಣಹಾಕಿ, ಕಲೆ ಬಿದ್ದಲ್ಲಿ ಕತ್ತರಿಸಿ ಎಸೆದುಬಿಟ್ಟರೆ ದಿಂಬಿನ ಚೀಲವೂ ಆಯಿತು, ಮಕ್ಕಳ ಚಡ್ಡಿಯೂ ಆಯಿತು, ಹೆಂಗಸರ ತಿಂಗಳ ಬಟ್ಟೆಯೂ ಆಯಿತು. ಸೋಪೂ ಹಾಗೆಯೇ. ತೊಟ್ಟಿಯ ತಳದಲ್ಲಿ ಕಟ್ಟಿಕೊಂಡ ಬೂದುಬಣ್ಣದ ಲೋಳೆಯನ್ನು ಕೆರೆದು ತಂದು ಅಚ್ಚಿಗೆ ಹಾಕುತ್ತಿದ್ದರು. ಕೆಂಡ ಮೈಗೆ ಹಚ್ಚಿಕೊಳ್ಳುತ್ತಿದ್ದದ್ದೂ ಅದನ್ನೇ. ಹಗಲೆಲ್ಲ ಯಾವ ನಾತದಲ್ಲಿ ಮುಳುಗಿದ್ದನೋ ಸಂಜೆ ಅದೇ ನಾತದಿಂದ ಮೈ ತೊಳೆದುಕೊಳ್ಳಬೇಕು. ಮಾತೆತ್ತಿದರೆ ಉರಿದುಬೀಳುವವನು ಎಂದು ಅವನಿಗೆ ಕೆಂಡ ಎಂಬ ಹೆಸರು ಬಿದ್ದಿತ್ತು. ಇಂಥ ಸೋಪು ಹಚ್ಚಿಕೊಂಡವನು ಇನ್ನೇನು ಮಂಜುಗಡ್ಡೆಯಂತಿರುತ್ತಾನೆಯೇ?

ಕೆಂಡ, ಅಣ್ಣ, ಅತ್ತಿಗೆ ಒಟ್ಟಿಗೆ ಇದ್ದದ್ದು ನಾಲ್ಕು ಮನೆಗಳ ಒಂದು ಕಟ್ಟಡದಲ್ಲಿ. ನಾಲ್ಕಕ್ಕೂ ಸೇರಿ ಒಂದು ಮೆಟ್ಟಿಲು, ಒಂದು ಇಸ್ತ್ರಿಪೆಟ್ಟಿಗೆ, ಒಂದು ಹೊಲಿಗೆಯಂತ್ರ, ಮರ್ಯಾದಸ್ಥರ ಎದುರಿಗೆ ಹೋಗುವಾಗ ಹಾಕಿಕೊಳ್ಳಲು ಒಂದು ಕೋಟು. ಯಾರಾದರೂ ಹಾಸಿಗೆ ಹಿಡಿದರೆ ಉಳಿದ ಮೂರು ಮನೆಯಿಂದ ಪಾತ್ರೆ ಬರುತ್ತಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಇದೆಲ್ಲ ಸರಿಯೇ. ಆದರೆ ಅವರಲ್ಲೊಂದು ಪದ್ಧತಿಯಿತ್ತು, ಕೆಂಡನನ್ನು ಉರಿಸುವಂಥದ್ದು. ವರ್ಷದ ಮೊದಲ ಭಾನುವಾರ ಎಲ್ಲರೂ ಮೆಟ್ಟಿಲ ಮೇಲೆ ಕೂತು ತಮ್ಮ ವರ್ಷದ ಖರ್ಚಿನ ಹಾಳೆಯನ್ನು ಪಕ್ಕದ ಮನೆಯವರ ಕೈಗೆ ಕೊಡಬೇಕು. ಸಂಪಾದನೆಗೆ ಮೀರಿದ ಖರ್ಚನ್ನು ಕತ್ತರಿಸುವುದು ಪಕ್ಕದ ಮನೆಯವರೇ. ತನ್ನ ಹೊಟ್ಟೆ ಕೊಯ್ದುಕೊಳ್ಳಲು ಯಾರ ಕೈಯೂ ಏಳುವುದಿಲ್ಲವಲ್ಲ, ಅದಕ್ಕೆ. ಒಮ್ಮೆ ಗೆರೆ ಬಿತ್ತೆಂದರೆ ವಾದವಿಲ್ಲ.

ಕೆಂಡ ಏಳನೇ ತರಗತಿಯಲ್ಲಿದ್ದಾಗ ಅವನ ಶಾಲೆಯ ಮೇಲೆ ಗೆರೆ ಎಳೆದವನು ಕೆಳಗಿನ ಮನೆಯ ಕಾವಲು ಮಾವ. ಗೋದಾಮೊಂದರ ಗೇಟು ಕಾಯುವವನು, ಕೆಟ್ಟವನಲ್ಲ. ಈ ವರ್ಷ ಅದೇ ಮಾವನ ಕೈಗೆ ಅವರ ಹಾಳೆ ಮತ್ತೆ ಬಂತು. ಅಣ್ಣನ ಮಗಳು ಗುಬ್ಬಿಗೆ ಹನ್ನೊಂದು. ಮಾವ ಹಾಳೆಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ನೋಡಿದ, ಮೂಗು ಒರೆಸಿಕೊಂಡ, ‘ಶಾಲೆ’ ಎಂಬುದರ ಮೇಲೆ ಗೆರೆ ಎಳೆದ.

“ಕೈ ಬಂತಾ ಮಾವ?” ಎಂದ ಕೆಂಡ. “ಒಂದು ಮನೇಲಿ ಎರಡು ತಲೆ ತೆಗೆದ್ರಿ. ಹೊಟ್ಟೆ ತುಂಬ್ತಾ?”

“ಬೇರೆ ಯಾವುದರ ಮೇಲೆ ಎಳೀಲೋ? ಉಪ್ಪಿನ ಮೇಲಾ?” ಮಾವ ಪೆನ್ಸಿಲ್ಲನ್ನು ಅವನ ಮುಖಕ್ಕೆ ಹಿಡಿದ. “ನೋಡು, ಪೆನ್ಸಿಲ್ಲಲ್ಲಿ ಹೊಡ್ದಿದ್ದೀನಿ. ನಿಮ್ಮ ಸಂಬಳ ಏರಿದ ದಿನ ನಾನೇ ಅಳಿಸ್ತೀನಿ. ನಿಮ್ಮ ಸಾಹುಕಾರನ ಹತ್ರ ಹೋಗಿ ಉರಿ, ನನ್ನ ಹತ್ರ ಅಲ್ಲ.”

ಸಂಬಳ ಏರಿ ನಾಲ್ಕು ವರ್ಷವಾಗಿತ್ತು. ನಲವತ್ತು ಜನರೂ ಸೇರಿ ಅರ್ಜಿ ಬರೆದರು. ತಿಂಗಳ ಕೊನೆಯೊಳಗೆ ಏರಿದರೆ ಗುಬ್ಬಿಯ ಹೆಸರು ಶಾಲೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನ ತಿಂಗಳಿಂದ ಅವಳು ಮಡಿಸುವ ಕೋಣೆಗೆ. ಹನ್ನೊಂದು ವರ್ಷದ ಕೈಗಳು ದಿಂಬಿನ ಚೀಲ ಮಡಿಸಲು ಬಹಳ ಚೆನ್ನ ಎಂದು ಮೇಸ್ತ್ರಿ ಆಗಲೇ ಹೇಳಿ ಕಳಿಸಿದ್ದ. ಥೂ ಅವನ ಬಾಯಿಗೆ!

ಅರ್ಜಿಗೆ ಉತ್ತರ ಬರಲಿಲ್ಲ. ಬಂದವರು ಸಾಹುಕಾರರ ಹೆಂಡತಿ. ಕೆಲಸಗಾರರ ಮನೆ ಹೇಗಿದೆ ನೋಡಿಬರುತ್ತೇನೆಂದು ಹೊರಟ ಅಮ್ಮಾವ್ರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಅತ್ತಿಗೆಯ ಅಡುಗೆಮನೆಗೆ ಬಂದಾಗ ಕರವಸ್ತ್ರ ಇಳಿಯಿತು. ತಿಕ್ಕಿ ತಿಕ್ಕಿ ಬೆಳ್ಳಗಾದ ನೆಲ, ಒಂದು ಕಾಳೂ ಚೆಲ್ಲದ ಡಬ್ಬಿಗಳು, ಬಾಗಿಲ ಹಿಂದೆ ಅಂಟಿಸಿದ ವರ್ಷದ ಹಾಳೆ.

“ಇಷ್ಟರಲ್ಲೇ ಇಡೀ ವರ್ಷನಾ?” ಎಂದರು ಅಮ್ಮಾವ್ರು. ಬೆರಳು ಸಾಲುಸಾಲಾಗಿ ಇಳಿಯಿತು. “ಸೋಪು ಸೊನ್ನೆ. ಬಟ್ಟೆ ಸೊನ್ನೆ! ಅಯ್ಯಯ್ಯೋ, ಬಟ್ಟೆಗೆ ಸೊನ್ನೆ ಹೇಗಮ್ಮಾ?”

ಅತ್ತಿಗೆ ನಾಚಿ ನೆಲ ನೋಡಿದಳು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವಳನ್ನು ಯಾರೂ ಯಾವುದಕ್ಕೂ ಹೊಗಳಿದ್ದಿಲ್ಲ. ಅಮ್ಮಾವ್ರು ಹಾಳೆಯ ಫೋಟೊ ತೆಗೆದುಕೊಂಡರು. ಬರುವ ಶನಿವಾರದ ಸಭೆಯಲ್ಲಿ ಎಲ್ಲರೆದುರಿಗೆ ಇದನ್ನು ಓದಬೇಕು, ಬಹುಮಾನವೂ ಉಂಟು ಎಂದರು.

ಸಂಜೆ ಕೆಂಡ ಚೀಲ ಬಿಸಾಕಿ ಕೂತ. “ಅತ್ತಿಗೆ, ಹೋಗಬೇಡಿ. ಆ ಹೆಂಗಸು ಬಂದಿದ್ದು ನಿಮ್ಮ ಡಬ್ಬಿ ನೋಡೋಕಲ್ಲ.”

“ಮತ್ತೆ ಯಾಕಂತೆ?”

“ಇಷ್ಟರಲ್ಲೇ ಬದುಕ್ತಾರಲ್ಲ, ಇನ್ನೂ ಯಾಕೆ ಕೊಡಬೇಕು ಅಂತ ನಿಮ್ಮ ಬಾಯಿಂದಾನೇ ಹೇಳಿಸ್ತಾರೆ.”

“ಎಲ್ಲದರಲ್ಲೂ ಹುಳ ಹುಡುಕ್ತೀಯ ನೀನು. ಇಷ್ಟು ಅಚ್ಚುಕಟ್ಟಾಗಿ ಬದುಕೋರಿಗೆ ನಾಲ್ಕು ಕಾಸು ಜಾಸ್ತಿ ಕೊಡೋಣ ಅಂತ ಅವರಿಗೆ ಅನ್ನಿಸಬಾರದಾ?” ಅವಳು ಹಾಳೆಯನ್ನು ಬಾಗಿಲಿಂದ ಬಿಡಿಸಿ, ಒಳ್ಳೆಯ ಅಕ್ಷರದಲ್ಲಿ ಮತ್ತೆ ಬರೆಯಲು ಕೂತಳು. “ಗುಬ್ಬಿಗೋಸ್ಕರಾನೇ ಹೋಗ್ತಿರೋದು. ಸುಮ್ನಿರು.”

ಅವಳ ಮುಖದಲ್ಲಿ ಆ ಹೊತ್ತು ಎಂಥ ಹೊಳಪಿತ್ತೆಂದರೆ ಕೆಂಡ ಬಿಸಾಕಿದ ಚೀಲವನ್ನು ತಾನೇ ಎತ್ತಿ ಮೊಳೆಗೆ ಹಾಕಿದ. ಅವಳನ್ನು ಹೀಗೆ ಹೊಳೆಯುವಂತೆ ಮಾಡಿದವರ ಮೇಲೆ ಅಸಹ್ಯ ಮಾತ್ರ ಉಕ್ಕಿತು.

ಶನಿವಾರ ಮಧ್ಯಾಹ್ನ ಯಂತ್ರ ನಿಲ್ಲಿಸಿ ಇಸ್ತ್ರಿ ಕೋಣೆಯಲ್ಲೇ ಬೆಂಚು ಹಾಕಿದರು. ಅಣ್ಣ ಬಾಯ್ಲರ್ ಬಿಟ್ಟು ಬರುವಂತಿರಲಿಲ್ಲ. ಅತ್ತಿಗೆ ನಾಲ್ಕು ಮನೆಯ ಕೋಟು ಹಾಕಿಕೊಂಡು ಗುಬ್ಬಿಯ ಕೈ ಹಿಡಿದು ಬಂದಳು. ಮೈಕು ಹಿಡಿಯಲು ಬಾರದೆ ಅದನ್ನು ಸೌಟಿನಂತೆ ಹಿಡಿದು ಓದತೊಡಗಿದಳು. ಬಾಡಿಗೆ ಇಷ್ಟು. ದೀಪಕ್ಕೆ ಇಷ್ಟು. ಔಷಧಿಗೆ ಇಷ್ಟು. ಸೋಪು, ಸೊನ್ನೆ.

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

ಬಟ್ಟೆ, ಸೊನ್ನೆ.

ಈಗ ನಲವತ್ತು ಜನಕ್ಕೂ ಒಮ್ಮೆಲೇ ತಮ್ಮ ಕಾಲಿನ ಬೆರಳು ನೋಡುವ ಕೆಲಸ ಬಂತು. ಮುದ್ರೆಯ ಬಟ್ಟೆ ಮೈಗೆ ತಾಗದವರು ಆ ಕೋಣೆಯಲ್ಲಿ ಇಬ್ಬರೇ, ಸಾಹುಕಾರರು ಮತ್ತು ಅವರ ಹೆಂಡತಿ. ಅವರಿಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು.

“ಗುಟ್ಟು ಹೇಳಮ್ಮಾ, ಎಲ್ಲರೂ ಕಲೀಲಿ,” ಎಂದರು ಅಮ್ಮಾವ್ರು.

“ಹಳೇದನ್ನೇ... ಹಾಗೇ ಹೊಲ್ಕೊಂಡು...” ಅತ್ತಿಗೆ ತೊದಲಿದಳು. ಕೆಂಡ ಉಸಿರು ಬಿಟ್ಟ. ಮೂಟೆ ಬಿಚ್ಚುವವನು ಅವನು, ಒಲೆಗೆ ಹಾಕುವವನು ಅಣ್ಣ. ಇಬ್ಬರ ಅನ್ನವೂ ಆ ಸುಳ್ಳಿನ ಮೇಲೆ ನಿಂತಿತ್ತು.

ಸಾಹುಕಾರರು ಎದ್ದರು. ದನಿಯಲ್ಲಿ ಬೆಣ್ಣೆ. “ಕೇಳಿದ್ರಲ್ಲ? ಹೊಟ್ಟೆಗೆ ಸಾಲದು ಅಂತ ಅರ್ಜಿ ಬರೆದಿದ್ರಿ. ಈ ತಾಯಿಗೆ ಹೇಗೆ ಸಾಲ್ತು? ಕೊರತೆ ಇರೋದು ಸಂಬಳದಲ್ಲಲ್ಲ, ನಿಮ್ಮ ಶಿಸ್ತಿನಲ್ಲಿ. ಈ ವರ್ಷ ಸಂಬಳ ಏರಿಸಲ್ಲ. ಬದಲಿಗೆ ಈ ಹಾಳೆಯನ್ನ ಅಚ್ಚು ಹಾಕಿಸಿ ಮನೆಗೊಂದು ಕೊಡ್ತೀನಿ.”

ಬಹುಮಾನವೆಂದು ಒಂದು ಗಾಜಿನ ಹೂದಾನಿ ಅತ್ತಿಗೆಯ ಕೈಗೆ ಬಂತು. ಹೂದಾನಿ! ಆ ಮನೆಯಲ್ಲಿ ಹೂ ಯಾವ ಸಾಲಿನಲ್ಲಿತ್ತು?

ಅತ್ತಿಗೆ ತಿರುಗಿ ಬೆಂಚುಗಳ ಕಡೆ ನೋಡಿದಳು. ಹೆಂಗಸರೆಲ್ಲ ಅವಳನ್ನು ನೋಡುತ್ತಿದ್ದರು, ಬಟ್ಟಲಲ್ಲಿ ಕಂಡ ಹುಳುವನ್ನು ನೋಡುವ ಹಾಗೆ. ಒಬ್ಬಳು ಗಟ್ಟಿಯಾಗಿಯೇ ಅಂದಳು, “ನಮ್ಮ ಅನ್ನಕ್ಕೇ ಮಣ್ಣು ಹಾಕಿದೆಯಲ್ಲೇ ತಾಯಿ!” ಗುಬ್ಬಿ ಅಮ್ಮನ ಕೋಟಿನ ತುದಿ ಹಿಡಿದು, “ಹಾಗಾದ್ರೆ ನಾನು ಸ್ಕೂಲಿಗೆ ಹೋಗಲ್ವಾ?” ಎಂದು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಅತ್ತಿಗೆ ಹೂದಾನಿಯನ್ನು ನೆಲಕ್ಕಿಟ್ಟಳು. ಮೈಕನ್ನು ಮತ್ತೆ ಬಾಯಿಗೆ ತಂದಳು.

“ಅಮ್ಮಾವ್ರೇ, ಒಂದು ತಪ್ಪಾಯ್ತು. ಗುಟ್ಟು ಕೇಳಿದ್ರಿ, ಸುಳ್ಳು ಹೇಳ್ಬಿಟ್ಟೆ.”

ಬೇಡ ಎಂದು ಕೆಂಡ ಅರ್ಧ ಎದ್ದ. ಅವಳು ಅವನ ಕಡೆ ನೋಡಲೂ ಇಲ್ಲ. ಕೋಟು ಸರಿಸಿ ತನ್ನ ಒಳಲಂಗದ ಅಂಚನ್ನು ಒಂದು ಗೇಣು ಮೇಲೆತ್ತಿದಳು. ತೊಳೆದು ತೊಳೆದು ಮಂಕಾಗಿದ್ದರೂ ಅಕ್ಷರ ಓದಲು ಬರುತ್ತಿತ್ತು. ‘ಸುಡಲು’.

“ಇದು ಹೆಣದ ಕೆಳಗಿಂದ ಬಂದ ಚಾದರ,” ಎಂದಳು, ಅಡುಗೆ ಹೇಳಿಕೊಡುವವಳ ದನಿಯಲ್ಲಿ. “ಮೂರು ಸಲ ಕುದಿಸ್ಬೇಕು. ರಕ್ತ ಆದ್ರೆ ಮೊದ್ಲು ತಣ್ಣೀರು, ಬಿಸಿನೀರು ಹಾಕಿದ್ರೆ ಕಲೆ ಕೂತ್ಕೊಳ್ಳತ್ತೆ. ಕೀವಿನ ವಾಸನೆ ಹೋಗೋಕೆ ನಾಲ್ಕು ಬಿಸಿಲು. ನನ್ನ ಮಗಳು ಮುಟ್ಟಾಗೋ ಹೊತ್ತಿಗೆ ಬೇಕಾಗುತ್ತೆ ಅಂತ ಎತ್ತಿಟ್ಟಿರೋದೂ ಇದೇನೇ. ಇದನ್ನೂ ಅಚ್ಚು ಹಾಕ್ಸಿ.”

ಅಮ್ಮಾವ್ರು ಬಾಯಿಗೆ ಕರವಸ್ತ್ರ ಹಿಡಿದು ಹೊರಗೆ ಓಡಿದರು. ವಾಂತಿಯ ಸದ್ದು ಒಳಗೂ ಕೇಳಿಸಿತು.

ಕೆಂಡ ಸುತ್ತ ನೋಡಿದ. ಯಾರಾದರೂ ಎದ್ದು, ನಮ್ಮನೆಯಲ್ಲೂ ಅದೇ ಎಂದಾರೆಂದು. ಒಬ್ಬರೂ ಏಳಲಿಲ್ಲ. ಮುದ್ರೆ ಕಾಣದಂತೆ ಅಂಗಿಯ ಅಂಚು, ಕಾಲರು ಒಳಕ್ಕೆ ಮಡಿಸಿಕೊಂಡವರೇ ಎಲ್ಲ. ಸಾಹುಕಾರನ ಮೇಲಿದ್ದಷ್ಟೇ ಹೇಸಿಗೆ ಅವನಿಗೆ ಆ ಬಗ್ಗಿದ ತಲೆಗಳ ಮೇಲೂ ಆಯಿತು.

“ತಂದವನು ನಾನು,” ಎಂದು, ಅಣ್ಣನ ಹೆಸರು ಬರುವ ಮೊದಲೇ, ಅವನು ಕೂಗಿದ.

ಅತ್ತಿಗೆ, ಕೆಂಡ ಇಬ್ಬರನ್ನೂ ಸಾಹುಕಾರರ ಗಾಜಿನ ಕೋಣೆಗೆ ಕರೆಸಿದರು. ಸಾಹುಕಾರರು ಬಾಗಿಲು ಹಾಕಿದರು. ಬೆಣ್ಣೆ ಕರಗಿಹೋಗಿತ್ತು.

“ಕಳ್ಳ ನನ್ಮಕ್ಳಾ. ಪೊಲೀಸರಿಗೆ ಕೊಡ್ಲಾ?”

“ಕೊಡಿ,” ಎಂದ ಕೆಂಡ. “ಏನು ಕದ್ದೆ ಅಂತ ಬರೀಬೇಕಲ್ಲ? ಸುಟ್ಟೆ ಅಂತ ನೀವು ಸಹಿ ಹಾಕಿರೋದನ್ನ ಕದ್ದೆ. ಕಾಗದ ಆಸ್ಪತ್ರೇಲಿ ಇದೆ, ಆರು ವರ್ಷದ್ದು.”

ಸಾಹುಕಾರರ ಬಾಯಿ ತೆರೆದು ಮುಚ್ಚಿತು. ಆ ಆಸ್ಪತ್ರೆ ಕೈಬಿಟ್ಟರೆ ಕಾರ್ಖಾನೆಗೆ ಬೀಗವೇ. ಅವರು ಕುರ್ಚಿಗೆ ಒರಗಿ, ಅತ್ತಿಗೆಯ ಕಡೆ ತಿರುಗಿ, ಸ್ವಂತ ಅಕ್ಕನೊಡನೆ ಮಾತಾಡುವಂತೆ ಶುರುಮಾಡಿದರು. “ನೋಡಮ್ಮಾ. ನಿನಗೆ ಬೇಕಾಗಿರೋದು ಮಗಳ ಶಾಲೆ ತಾನೇ? ಕೊನೇ ತರಗತಿ ತನಕ ನಾನು ಕಟ್ತೀನಿ. ಸಂಬಳದ ಮಾತು ಬಿಡು. ಹೊರಗೆ ಹೋಗಿ, ತಮಾಷೆಗೆ ಅಂದೆ ಅಂತ ಹೇಳ್ಬಿಡು.”

ಕೆಂಡ ಗಾಜಿನಾಚೆ ನೋಡಿದ. ಹೊರಗೆ ಕೂತ ಆ ನಲವತ್ತು ಬಗ್ಗಿದ ತಲೆಗಳಿಗಾಗಿ ಯಾಕೆ ಸಾಯಬೇಕು? ತೆಗೆದುಕೊಳ್ಳಿ ಅತ್ತಿಗೆ, ಎಂದು ಹೇಳಬೇಕೆನಿಸಿತು. ಹಾಗೆ ಅನಿಸಿದ ತನ್ನ ಮೇಲೂ ಅವನಿಗೆ ಅಸಹ್ಯವಾಯಿತು.

ಅತ್ತಿಗೆ ಮನಸ್ಸಿನಲ್ಲೇ ಏನೋ ಎಣಿಸಿದಳು. ಬೆರಳು ಮಡಿಚಿದಳು, ಬಿಚ್ಚಿದಳು.

“ನಮ್ಮ ಮೆಟ್ಟಿಲಲ್ಲಿ ಒಂದು ಮನೆಗೆ ಬಂದದ್ದು ಒಂದೇ ಮನೇಲಿ ಉಳಿಯಲ್ಲ ಸಾಹುಕಾರ್ರೇ,” ಎಂದಳು. “ಗುಬ್ಬಿಗೆ ಕಟ್ಟಿದ್ರೆ ಎಲ್ಲಾ ಮಕ್ಕಳಿಗೂ ಕಟ್ಬೇಕು. ನಲವತ್ತು ಜನರ ಮನೇಲಿ ಎಷ್ಟು ಮಕ್ಕಳು ಅಂತ ನಾನು ಎಣಿಸ್ದೆ. ತೊಂಬತ್ತಾರು. ಅದಕ್ಕಿಂತ ಸಂಬಳ ಏರ್ಸೋದು ನಿಮಗೆ ಅಗ್ಗ ಬೀಳತ್ತೆ. ನಾನು ಲೆಕ್ಕದಲ್ಲಿ ಗಟ್ಟಿ, ಅದಕ್ಕೇ ಅಲ್ವಾ ನನ್ನ ಹಾಳೆ ಅಚ್ಚು ಹಾಕಿಸ್ತೀನಿ ಅಂದದ್ದು.”

ಕೆಂಡನಿಗೆ ನಗು ಬಂದು ಮೂಗಿನಲ್ಲೇ ಸಿಕ್ಕಿಕೊಂಡಿತು.

ಸಾಹುಕಾರರು ಕಾಗದ ತೆಗೆದರು. ಅರ್ಜಿಯಲ್ಲಿ ಕೇಳಿದ್ದರ ಅರ್ಧ ಬರೆದರು. ಅತ್ತಿಗೆ ಕದಲಲಿಲ್ಲ. ಮುಕ್ಕಾಲು ಬರೆದರು. ಆಗಲಿ ಎಂದು ಅವಳು ತಲೆಯಾಡಿಸಿದಳು. ಕೆಳಗೆ ಇನ್ನೊಂದು ಸಾಲು ಸೇರಿತು: ಇನ್ನು ಮುಂದೆ ಮುದ್ರೆ ಬಿದ್ದ ಬಟ್ಟೆಯನ್ನು ಸಾಹುಕಾರರ ಎದುರಿಗೇ ಸುಡಬೇಕು, ತೊಟ್ಟಿಯ ಲೋಳೆಯನ್ನೂ ಯಾರೂ ಮನೆಗೆ ಒಯ್ಯುವಂತಿಲ್ಲ. ಕೆಂಡನನ್ನು ಆ ಕೋಣೆಯಿಂದ ತೆಗೆದು ಗಾಡಿಗೆ ಹೇರುವ ಕೆಲಸಕ್ಕೆ ಹಾಕಿದರು, ಸಂಬಳದ ಏರಿಕೆ ಅವನೊಬ್ಬನಿಗಿಲ್ಲ. ಇರಲಿ ಎಂದ.

ಹೊರಗೆ ಬಂದು ಸುದ್ದಿ ಹೇಳಿದಾಗ, ಅನ್ನಕ್ಕೆ ಮಣ್ಣು ಎಂದವಳೇ ಎಲ್ಲರಿಗಿಂತ ಮುಂದೆ ಬಂದು ಅತ್ತಿಗೆಯನ್ನು ತಬ್ಬಿಕೊಂಡಳು. ಅತ್ತಿಗೆ ತಬ್ಬಿಸಿಕೊಂಡು ನಿಂತಳು, ಒಣಹಾಕಿದ ಬಟ್ಟೆಯ ಹಾಗೆ.

ದಾರಿಯಲ್ಲಿ ಗುಬ್ಬಿ ಮುಂದೆ ಮುಂದೆ ಕುಣಿಯುತ್ತಿದ್ದಳು. ಅತ್ತಿಗೆಯ ತುಟಿ ಅಲ್ಲಾಡುತ್ತಿತ್ತು.

“ಏನು ಅತ್ತಿಗೆ?”

“ಸೋಪು ಕೊಳ್ಬೇಕು. ಬಟ್ಟೆ ಕೊಳ್ಬೇಕು. ಏರಿದ್ದರಲ್ಲಿ ಅದಕ್ಕೇ ಮುಕ್ಕಾಲುಪಾಲು ಹೋಗುತ್ತೆ ಕಣೋ. ಉಳಿದದ್ದು ಶಾಲೆಗೆ ಸರಿಯಾಗಿ ಸಾಕು. ಒಂದು ಕಾಸು ಮಿಗಲ್ಲ.”

“ಥೂ,” ಎಂದ ಕೆಂಡ. ತಿರುಗಿ ಕಾರ್ಖಾನೆಯ ಕಡೆ ನೋಡಿದ. ಗಾಜಿನ ಕೋಣೆಯಲ್ಲಿ ಸಾಹುಕಾರರು ಇನ್ನೂ ಮೂಲೆಯ ನಲ್ಲಿಯ ಮುಂದೆ ನಿಂತು ಕೈ ತೊಳೆದುಕೊಳ್ಳುತ್ತಿದ್ದರು. ಅವರು ಬರೆದುಕೊಟ್ಟ ಆ ಕಾಗದದ ಇನ್ನೊಂದು ತುದಿಯನ್ನು ಅತ್ತಿಗೆ ಮುಟ್ಟಿದ್ದಳು, ಅಷ್ಟೇ. ಮೊಣಕೈ ತನಕ ನೊರೆ ಮಾಡಿಕೊಂಡು ತಿಕ್ಕುತ್ತಿದ್ದರು, ತೊಳೆಯುತ್ತಿದ್ದರು, ಮತ್ತೆ ತಿಕ್ಕುತ್ತಿದ್ದರು.