ಬಿದಿರಕ್ಕಿಯ ವರ್ಷ

"ಅಜ್ಜೀ! ಹೊಳೆ ಬದಿ ಬಿದಿರು ಹೂ ಬಿಟ್ಟಿದೆ!"

ಬೆಳ್ಳಿ ತೋಟದ ಇಳಿಜಾರಿನಲ್ಲಿ ಓಡಿ ಬಂದಳು. ಎಸ್ಟೇಟಿನ ಕೂಲಿಯವರ ಲೈನುಮನೆಯ ಜಗಲಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ ಚೋಮಿಯ ಕೈ ನಿಂತಿತು.

"ಒಂದು ಮೆಳೆಯೋ, ಎಲ್ಲಾ ಮೆಳೆಯೋ?"

"ಎಲ್ಲಾ! ಕಣ್ಣು ಹಾಯುವಷ್ಟು ದೂರ!"

ಚೋಮಿ ಗೋಣಿಕೊಪ್ಪಲಿನಾಚೆಯ ಆ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿ ಕುಯ್ದವಳು. ಸೊಂಟ ಸೋತ ಮೇಲೆ ಕೆಲಸ ಬಿಟ್ಟಿದ್ದಳು. ಅವಳು ಅಂಗಳ ದಾಟಿ ನಡೆದದ್ದನ್ನು ಲೈನಿನವರು ಕಾಣದೆ ವರ್ಷವಾಗಿತ್ತು. ಆವತ್ತು ಮೊಮ್ಮಗಳ ಹೆಗಲು ಹಿಡಿದು ಹೊಳೆಯವರೆಗೂ ಹೋದಳು. ಮೆಳೆಗಳ ತುದಿಯೆಲ್ಲ ಒಣಹುಲ್ಲಿನ ಬಣ್ಣದ ಗೊಂಚಲು. ಒಂದನ್ನು ಬಗ್ಗಿಸಿ ಮೂಸಿದಳು. ಹಲ್ಲಿಲ್ಲದ ಬಾಯಿ ಅಗಲವಾಗಿ ನಕ್ಕಿತು.

"ಐವತ್ತು ವರ್ಷ ಆಯ್ತು ಕಣೇ ಇದನ್ನ ನೋಡಿ!"

ಆದರೆ ಲೈನಿನಲ್ಲಿ ಯಾರೂ ನಗುತ್ತಿರಲಿಲ್ಲ. ಬಿದಿರು ಹೂ ಬಿಟ್ಟರೆ ಊರಿಗೆ ಕೇಡು ಎಂಬ ಮಾತು ಆಗಲೇ ಮನೆಯಿಂದ ಮನೆಗೆ ಹೋಗಿತ್ತು. ಎರಡು ಸಂಸಾರಗಳು ಊರು ಬಿಟ್ಟು ಮಾಕುಟ್ಟದ ಘಾಟಿ ಇಳಿಯಲು ಗಂಟು ಕಟ್ಟಿದ್ದವು. ಚೋಮಿಯ ಮಗ ಚೆನ್ನಯ್ಯನೂ ಚಾಪೆ ಸುತ್ತುತ್ತಿದ್ದ.

"ಬಿಚ್ಚೋ ಆ ಚಾಪೆ," ಎಂದಳು ಚೋಮಿ. "ಅದು ನೆಲಕ್ಕೆ ಹಾಸೋಕೆ ಬೇಕು. ಬಿದಿರು ಅಕ್ಕಿ ಸುರಿಸುತ್ತೆ!"

"ಅವ್ವ, ಇದು ಕೇಡು ಅಂತಾರಲ್ಲ?"

"ಕೇಡು ಹೂವಿಂದಲ್ಲ, ಇಲಿಯಿಂದ. ಹೋದ ಸಲ ನಮ್ಮಪ್ಪ ಅವ್ವ ಬುಟ್ಟಿ ಬುಟ್ಟಿ ಅಕ್ಕಿ ತುಂಬಿದರು, ಹಾಡಿದರು, ಕುಣಿದರು. ಮಳೆ ಬಿದ್ದ ಮೇಲೆ ಇಲಿ ಬಂತು. ಮೂರೇ ದಿನ, ಒಂದು ಕಾಳು ಉಳಿಯಲಿಲ್ಲ. ಆ ಮಳೆಗಾಲದಲ್ಲಿ ನನ್ನ ತಮ್ಮ ಹೊಟ್ಟೆಗಿಲ್ಲದೆ ಹೋದ." ಅವಳು ಸುತ್ತ ನೋಡಿದಳು. "ಈ ಸಲ ಅಕ್ಕಿಯನ್ನೂ ತರೋಣ, ಇಲಿಯನ್ನೂ ತಡೆಯೋಣ. ಹೇಗೆ ಅಂತ ನಾನು ಹೇಳ್ತೇನೆ."

ಗಂಟು ಕಟ್ಟಿದವರು ಗಂಟು ಬಿಚ್ಚಿದರು.

ಕಾಫಿ ಕುಯ್ಯುವ ಪಿಕ್ಕಿಂಗು ಮುಗಿದಿತ್ತು. ಬಿಸಿಲೇರುತ್ತಿದ್ದ ಹಾಗೆ ಬಿದಿರು ಉದುರತೊಡಗಿತು. ಮೆಳೆಯಡಿಯ ಮುಳ್ಳು ಸವರಿ, ಸಗಣಿ ಸಾರಿಸಿ, ಚಾಪೆ ಹಾಸಿದರು. ಗಾಳಿ ಬೀಸಿದಾಗಲೆಲ್ಲ ಕಾಳು ಸರ್ರನೆ ಸುರಿಯುತ್ತಿತ್ತು. ಹೆಂಗಸರು ಕೇಕೆ ಹಾಕುತ್ತಿದ್ದರು. ಚೋಮಿ ಬಂಡೆಯ ಮೇಲೆ ಕೂತು, "ಆ ಕಡೆ! ಇನ್ನೊಂದು ಚಾಪೆ!" ಎಂದು ಕೋಲಾಡಿಸುತ್ತಿದ್ದಳು. ಮೊದಲ ದಿನದ ಬಿದಿರಕ್ಕಿ ಗಂಜಿಯನ್ನು ಅವಳೇ ಬೇಯಿಸಿ ಲೈನಿನ ಮಕ್ಕಳಿಗೆಲ್ಲ ಬಡಿಸಿದಳು. ಅವರು ಬಟ್ಟಲು ನೆಕ್ಕಿ ಮತ್ತೆ ಒಡ್ಡಿದರು.

ಇಲಿ ತಡೆಯುವುದಕ್ಕೆ ಮಾತ್ರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಅಪ್ಪಣೆ ಬೇಕಿತ್ತು. ಶಾಂತಪ್ಪ ಅಚ್ಚುಕಟ್ಟಿನ ಮನುಷ್ಯ, ಬೇಗ ನಂಬುವವನಲ್ಲ.

"ಸೀಮೆಎಣ್ಣೆಯ ಖಾಲಿ ತಗಡಿನ ಡಬ್ಬವೆಲ್ಲ ನಿನಗ್ಯಾಕೆ ಅಜ್ಜಿ?"

"ಕಂಬದ ಮೇಲೆ ಉಗ್ರಾಣ ಕಟ್ಟಿ, ಆ ಕಂಬಕ್ಕೆ ಬಿಡಿಸಿ ಸುತ್ತೋಕೆ. ನುಣುಪಾದ ತಗಡು ಇಲಿಗೆ ಹತ್ತೋಕಾಗಲ್ಲ. ಇದು ಬೆಳ್ಳಿಯ ಯೋಚನೆ. ನಮ್ಮ ಕಾಲದಲ್ಲಿ ತಗಡೆಲ್ಲಿತ್ತು!"

"ಒಂದಿಷ್ಟು ಇಲಿಗೆ ಇಷ್ಟೊಂದು ಗಲಾಟೆಯಾ?"

"ಬನ್ನಿ, ತೋರಿಸ್ತೇನೆ."

ಹೊಳೆ ಬದಿಯಲ್ಲಿ ಅವಳು ಕೋಲಿನಿಂದ ಒಂದು ಬಿಲ ಕೆದಕಿದಳು. ಒಳಗೆ ಹೆಬ್ಬೆರಳಿನಷ್ಟು ಹನ್ನೊಂದು ಕೆಂಪು ಮರಿ. ಪಕ್ಕದ ಬಿಲದಲ್ಲಿ ಒಂಬತ್ತು. ಆಚೆಯದರಲ್ಲೂ ಅಷ್ಟೇ. ಶಾಂತಪ್ಪ ಬಾಗಿ ನೋಡಿದ. ನೆಟ್ಟಗಾದಾಗ ಅವನ ಮುಖದ ಬಣ್ಣ ಬದಲಾಗಿತ್ತು.

"ಎಷ್ಟು ತಗಡು ಬೇಕು?" ಎಂದ.

ಉಗ್ರಾಣವನ್ನು ಆಳೆತ್ತರದ ಕಂಬಗಳ ಮೇಲೆ ಎತ್ತಿ ಕಟ್ಟಿದರು. ಕೂಲಿಯವರಿಗೆ ಎಸ್ಟೇಟು ಕೊಡುವ ಪಡಿಯಕ್ಕಿ, ಬಿದಿರಕ್ಕಿ ಎರಡೂ ಅದರಲ್ಲೇ. ಕಂಬಗಳಿಗೆ ತಗಡು ಬಡಿದರು. ಸುತ್ತ ಮಡಕೆಗಳನ್ನು ಕಂಠದವರೆಗೆ ಹೂತು, ಅರ್ಧ ನೀರು ತುಂಬಿ, ಮೇಲೆ ಹೊಟ್ಟು ತೇಲಿಬಿಟ್ಟರು. ನೆಲವೆಂದು ಕಾಲಿಟ್ಟ ಇಲಿ ನೇರ ನೀರಿಗೆ.

ಮೊದಲ ಮಳೆಗೆ ಕಾಡಿನಲ್ಲಿ ಉಳಿದ ಬೀಜವೆಲ್ಲ ಮೊಳಕೆಯೊಡೆಯಿತು. ಇಲಿಗಳಿಗೆ ತಿನ್ನಲು ಏನೂ ಉಳಿಯಲಿಲ್ಲ. ನಾಲ್ಕನೆಯ ದಿನ ಸಂಜೆ ಬೆಳಕಿರುವಾಗಲೇ ಹೊಳೆ ಕಡೆಯ ಹುಲ್ಲು ಗಾಳಿಯಿಲ್ಲದೆ ಅಲ್ಲಾಡಿತು.

"ಬಂದವು! ಬಂದವು!"

ನೆಲವೇ ಹರಿದು ಬಂದ ಹಾಗೆ ಬಂದವು. ಮಡಕೆಗಳಲ್ಲಿ ದುಡುಂ ದುಡುಂ ಎಂಬ ಸದ್ದು. ಚೆನ್ನಯ್ಯ, ಶಾಂತಪ್ಪ, ಲೈನಿನ ಗಂಡಸರು ಹೆಂಗಸರೆಲ್ಲ ಪೊರಕೆ, ದೊಣ್ಣೆ ಹಿಡಿದು ಬಡಿದರು. ಕಂಬ ಹತ್ತಿದ ಇಲಿಗಳು ತಗಡಿನ ಮೇಲೆ ಪರಚಿ ಪರಚಿ ಜಾರಿ ಬೀಳುತ್ತಿದ್ದವು. ಜನ ಹೋ ಎಂದು ಕೂಗಿದರು.

ಜಗಲಿಯಲ್ಲಿದ್ದ ಚೋಮಿ ಮಾತ್ರ ನೆಲ ನೋಡುತ್ತಿರಲಿಲ್ಲ. ಹೋದ ಸಲ ಅವು ಮೇಲಿನಿಂದಲೂ ಬಂದಿದ್ದವು. ಅವಳ ಕಣ್ಣು ಉಗ್ರಾಣದ ಮಾಡಿನ ಮೇಲಿತ್ತು.

"ಬೆಳ್ಳೀ! ಹಲಸಿನ ಕೊಂಬೆ!"

ಮಳೆನೀರು ಕುಡಿದು ಭಾರವಾದ ಕೊಂಬೆಯೊಂದು ಬಾಗಿ ಮಾಡಿಗೆ ತಾಗಿತ್ತು. ಇಲಿಗಳು ಸಾಲಾಗಿ ಅದರ ಮೇಲೆ ಹೊರಟಿದ್ದವು! ಬೆಳ್ಳಿ ಕತ್ತಿ ಸೊಂಟಕ್ಕೆ ಸಿಕ್ಕಿಸಿ ಮರ ಹತ್ತಿದಳು. ಒಂದು ಏಟು, ಎರಡು, ಮೂರು. ಕೊಂಬೆ ಇಲಿಗಳ ಸಮೇತ ಧೊಪ್ಪನೆ ಕೆಳಗೆ ಬಿತ್ತು. ಚೋಮಿ ಕೋಲು ಬಿಸಾಕಿ ಎರಡೂ ಕೈ ಮೇಲೆತ್ತಿ ಕುಣಿದೇಬಿಟ್ಟಳು.

ಮೂರು ದಿನ ಹಾಗೇ ನಡೆಯಿತು. ಆಮೇಲೆ ಇಲಿಗಳು ಕಾಣೆಯಾದವು. ಉಗ್ರಾಣದಲ್ಲಿ ಒಂದು ಮೂಟೆಯೂ ಕೆಟ್ಟಿರಲಿಲ್ಲ. ಹೊಳೆಯಾಚೆಯ ಲೈನಿನವರದು ಎಲ್ಲಾ ಹೋಗಿತ್ತು. ಅವರು ಬುಟ್ಟಿ ಹಿಡಿದು ಬಂದಾಗ ಚೋಮಿಯೇ ಕೂತು ಬಿದಿರಕ್ಕಿ ಅಳೆದು ಕೊಟ್ಟಳು. ಆ ಮಳೆಗಾಲದಲ್ಲಿ ಎರಡೂ ಲೈನುಗಳಲ್ಲಿ ಒಂದು ಮಗುವೂ ಹಸಿದು ಮಲಗಲಿಲ್ಲ.

ಮಳೆ ಬಿಟ್ಟು ಹೊಳವಾದ ಒಂದು ಮಧ್ಯಾಹ್ನ ಶಾಂತಪ್ಪ ಜಗಲಿಗೆ ಬಂದು ಕೂತ. "ಎಲ್ಲಾ ಹೇಳಜ್ಜಿ, ಬರೆದಿಡ್ತೇನೆ."

"ಬರೀರಿ. ಆದರೆ ಹೇಳೋದು ಇವಳು." ಅವಳು ಬೆಳ್ಳಿಯನ್ನು ಮುಂದೆ ಕೂರಿಸಿದಳು. ಸುತ್ತ ಲೈನಿನ ಮಕ್ಕಳು ನೆರೆದರು. ಬೆಳ್ಳಿ ಹೂವಿನಿಂದ ಶುರುಮಾಡಿದಳು. ಮಡಕೆಗೆ ಪೂರ್ತಿ ನೀರು ಎಂದಾಗ ಚೋಮಿ ಮೊಣಕೈಯಿಂದ ತಿವಿದಳು.

"ಅರ್ಧ! ಪೂರ್ತಿ ತುಂಬಿದರೆ ಹಾರಿ ಹೋಗ್ತವೆ. ಸರಿಯಾಗಿ ಕಲಿ. ಮುಂದಿನ ಸಲ ಹೂ ಬಿಡುವಾಗ ನಿನಗೆ ನನ್ನಷ್ಟೇ ವಯಸ್ಸಾಗಿರುತ್ತೆ."

ಬೆಳ್ಳಿ ನಕ್ಕಳು. "ಆಗ ಮುದುಕಿಯಾದ ನನ್ನ ಮಾತು ಯಾರು ಕೇಳ್ತಾರಜ್ಜಿ?"

"ಕೇಳದಿದ್ದರೆ ಕೂಗು," ಎಂದಳು ಚೋಮಿ.