ಅದಲುಬದಲು ಮಾತ್ರೆ

ನನ್ನ ಗಂಡ ಬಿಟ್ಟುಹೋದ ಆಸ್ತಿಯೆಂದರೆ ಇಸ್ತ್ರಿ ಅಂಗಡಿ ಮತ್ತು ಸವತಿ. ಎಚ್‌ಐವಿಯನ್ನು ಇಬ್ಬರಿಗೂ ಸಮಪಾಲು ಹಂಚಿದ್ದ. ಚಿಕ್ಕವಳ ಮೇಲೆ ಪ್ರೀತಿ ಹೆಚ್ಚು ನೋಡಿ, ಅವಳಿಗೆ ಲಿವರ್ ತಿನ್ನುವ ಹೆಪಟೈಟಿಸ್ ಬಿಯನ್ನೂ ಸೇರಿಸಿ ಕೊಟ್ಟಿದ್ದ.

ಅವನು ಸತ್ತಾಗ ನನಗೆ ಅಳು ಬರಲಿಲ್ಲ, ಆಕಳಿಕೆ ಬಂತು. ಹೆಣದ ಮುಂದೆ ನಾನು ಬಾಯಿ ತೆರೆದ ರೀತಿಗೆ ಆನೆಯೊಂದು ಒಳಹೊಕ್ಕು ಮಲಗಿ ಎದ್ದು ಬರಬಹುದಿತ್ತು. ಜನ ಗೋಳಾಟ ಅಂದುಕೊಂಡರು. ಆಮೇಲೂ ಅಳು ಈ ಕಡೆ ತಲೆ ಹಾಕಿಲ್ಲ.

ಆಸ್ಪತ್ರೆಯಲ್ಲಿ ನನಗೆ ಮೊದಲಿಂದ ಕೊಡುತ್ತಿದ್ದ ಹಳೆಯ ಮಾತ್ರೆಯೇ ಒಗ್ಗಿತ್ತು. ಚಿಕ್ಕವಳಿಗೆ ಎರಡೂ ಕಾಯಿಲೆಗೆ ಆಗುವ ಹೊಸ ಮಾತ್ರೆ. ಅದನ್ನು ನುಂಗಿದ ಗಳಿಗೆಗೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಇಸ್ತ್ರಿಗೆ ಬಂದ ಹೋಟೆಲಿನ ಬಿಳಿ ಹೊದಿಕೆಗಳು ಬೆಟ್ಟದಂತೆ ಬಿದ್ದಿರುವಾಗ ಇವಳು ಬಕೆಟ್ ಮುಂದೆ ಕೂತಿರುತ್ತಿದ್ದಳು.

"ನೀನು ಹೀಗೇ ಕಕ್ಕಿದ್ರೆ ಊರಿನ ಬಾವಿಯೆಲ್ಲ ತುಂಬುತ್ತೆ ಕಣೇ," ಎಂದೆ. "ನನ್ನ ಮಾತ್ರೆ ನೀನು ತಗೋ, ನಿಂದು ನಾನು ನುಂಗ್ತೀನಿ. ಕಲ್ಲು ಹಾಕಿದ್ರೂ ಕರಗಿಸೋ ಹೊಟ್ಟೆ ನಂದು."

"ಡಾಕ್ಟ್ರಿಗೆ ಗೊತ್ತಾದ್ರೆ, ಅಕ್ಕ?"

"ಗಂಡನ್ನೇ ಹಂಚ್ಕೊಂಡೋರು ನಾವು. ಮಾತ್ರೆ ಯಾವ ಮಹಾ!"

ಮೂರು ವರ್ಷ ಹಾಗೇ ನಡೆಯಿತು. ಅವಳ ವಾಂತಿ ನಿಂತಿತು. ಎಚ್‌ಐವಿ ಪರೀಕ್ಷೆಯಲ್ಲಿ ಇಬ್ಬರ ರಕ್ತವೂ ಚೆನ್ನಾಗಿದೆ ಎಂದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ಒಂದು ದಿನ ಹೊದಿಕೆ ಮಡಚುವಾಗ ಆ ತುದಿ ಹಿಡಿದಿದ್ದ ಅವಳ ಕಣ್ಣು ನೋಡಿದೆ. ಅರಿಶಿನ ಬಳಿದ ಹಾಗಿತ್ತು.

ರಕ್ತ ದೂರದ ಲ್ಯಾಬಿಗೆ ಹೋಗಿ ಬಂತು. ಡಾಕ್ಟರಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಲಿವರಿನ ವೈರಸ್ ರೂಪ ಬದಲಾಯಿಸ್ಕೊಂಡಿದೆ. ನಿಮ್ಮಕ್ಕನಿಗೆ ಕೊಡೋ ಹಳೇ ಮಾತ್ರೆಗೆ ಅದು ಇನ್ನು ಬಗ್ಗಲ್ಲ. ಅದು ಸರಿ, ಆದ್ರೆ ನೀವು ತಗೋತಿರೋದು ಹೊಸದು. ಅದಕ್ಕಾದ್ರೂ ಬಗ್ಗಬೇಕಿತ್ತಲ್ಲ? ದಿನಾ ತಪ್ಪದೆ ತಗೋತಿದ್ದೀರಾ?"

"ಒಂದು ದಿನಾನೂ ತಪ್ಪಿಲ್ಲಮ್ಮ," ಎಂದಳು ಚಿಕ್ಕವಳು. ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ಹಾಗಾದ್ರೆ ಈ ಮಾತ್ರೆಯೂ ಸೋತಿದೆ. ಇದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ."

ಹೊರಗೆ ಬೆಂಚಿನ ಮೇಲೆ ಕೂತೆವು. ನನಗೆ ಹೆದರಿಕೆಯೂ ಆಗಲಿಲ್ಲ. ಇಸ್ತ್ರಿ ಪೆಟ್ಟಿಗೆ ತಣ್ಣಗಾದ ಮೇಲೆ ಹೇಗಿರುತ್ತದೋ ಹಾಗೆ, ಬರೀ ಭಾರ.

"ಯಾಕೆ ತುಳಿದೆ?"

"ನೀನು ಬಾಯಿ ಬಿಡಬಾರದು ಅಂತ. ಸವತಿ ಮದ್ದು ತಪ್ಪಿಸಿ ಕೊಂದ್ಲು ಅಂತಾರೆ ಜನ. ಸಾಯೋ ತನಕ ನಿನ್ನನ್ನ ಬಿಡಲ್ಲ."

"ನೀನು ಸತ್ತ ಮೇಲೆ ಹೊದಿಕೆಯ ಆ ತುದಿ ಯಾರೇ ಹಿಡೀತಾರೆ, ನಿನ್ನ ದೆವ್ವನಾ?"

ಅವಳು ನಗಲಿಲ್ಲ. ನಾನು ಎದ್ದೆ. ಡಾಕ್ಟರಮ್ಮನ ಬಾಗಿಲು ಹತ್ತು ಹೆಜ್ಜೆ ದೂರ. ನನಗದು ಹತ್ತು ಹರದಾರಿಯಾಯಿತು.

"ಅಮ್ಮಾ, ಆ ಹೊಸ ಮಾತ್ರೆ ಮೂರು ವರ್ಷದಿಂದ ನುಂಗಿದ್ದು ನಾನು," ಎಂದೆ. "ನಂದು ಅವಳು ನುಂಗಿದಳು. ಬುದ್ಧಿ ನಂದೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈದರು. ನನ್ನ ಕಿವಿಗೆ ಅದು ಪಕ್ಕದ ಬೀದಿಯಲ್ಲಿ ಯಾರೋ ಯಾರಿಗೋ ಬೈದ ಹಾಗೆ ಕೇಳಿಸಿತು. ಬೈದು ಮುಗಿದ ಮೇಲೆ ಮತ್ತೆ ಕಾಗದ ಎತ್ತಿಕೊಂಡರು.

"ಹಾಗಾದ್ರೆ ಈ ಮಾತ್ರೆ ಸೋತಿಲ್ಲ. ಅವರ ಹೊಟ್ಟೆಗೆ ಹೋಗೇ ಇಲ್ಲ. ಇವತ್ತಿಂದ ಹೋಗ್ಲಿ. ವೈರಸ್ ಬಗ್ಗುತ್ತೆ. ಲಿವರ್ ಎಷ್ಟು ಉಳಿದಿದೆಯೋ, ಅದನ್ನ ಆಮೇಲೆ ನೋಡಬೇಕು."

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಅವಳು ತನ್ನ ಮಾತ್ರೆಯನ್ನು ತಾನೇ ನುಂಗಿದಳು. ನಾನು ಬಕೆಟ್ ಹಿಡಿದು ಎದುರಿಗೆ ಕೂತೆ.

"ಬಾಯಿ ತೆಗಿ. ನಾಲಿಗೆ ಎತ್ತು."

"ಏನಕ್ಕ, ಕಳ್ಳನ್ನ ಹುಡುಕ್ದಂಗೆ!"

"ಕಳ್ಳಿ ನಾನೇ ಕಣೇ. ಅದಕ್ಕೇ ಎಲ್ಲಿ ಬಚ್ಚಿಡ್ತಾರೆ ಅಂತ ಗೊತ್ತು."

ಅವಳ ಮುಖ ಬಿಳುಚಿತು. ಎರಡು ಸಲ ಬಕೆಟ್ಟಿನ ಮೇಲೆ ಬಾಗಿದಳು, ಕಕ್ಕಲಿಲ್ಲ. ಮಾತ್ರೆ ಒಳಗೆ ಕರಗಲಿ ಅಂತ ಅರ್ಧ ಗಂಟೆ ಕೂತಿದ್ದೆವು. ನನಗೆ ಆಕಳಿಕೆ ಬಂತು.

ಆಮೇಲೆ ಎದ್ದು ಹೊದಿಕೆಯ ಒಂದು ತುದಿ ಅವಳ ಕೈಗೆ ಕೊಟ್ಟೆ.